ಮಾತ್ರೆ ನನ್ನ ನೆನಪು ತಿನ್ನುತ್ತಿದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂಬತ್ತು ವರ್ಷದ ಹಿಂದೆ ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವ) ಕಾಯಿಲೆ ಎಂದು ಗೊತ್ತಾಯಿತು. ಎರಡು ಸಲ ಉನ್ಮಾದ ಜೋರಾಗಿ ಆಸ್ಪತ್ರೆ ಸೇರಿದ್ದೆ. ನಾಲ್ಕು ವರ್ಷದ ಹಿಂದೆ ಖಿನ್ನತೆ ವಿಪರೀತವಾಗಿ, ಊಟ ಬಿಟ್ಟು, ಸಾಯುವ ಯೋಚನೆಯೇ ತಲೆ ತುಂಬಿದಾಗ ಎಂಟು ಸಲ ಇಸಿಟಿ (ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ) ಕೊಟ್ಟರು. ಅಲ್ಲಿಂದ ಈಚೆಗೆ ದೊಡ್ಡ ಏರುಪೇರಿಲ್ಲ. ಈಗ ಲಿಥಿಯಂ ದಿನಕ್ಕೆ 900 ಮಿಲಿಗ್ರಾಂ, ರಾತ್ರಿ ಕ್ವೆಟಿಯಾಪಿನ್ 200 ಮತ್ತು ಕ್ಲೋನಜೆಪಾಮ್ 0.5, ಬೆಳಿಗ್ಗೆ ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಈ ಕೊನೆಯದನ್ನು ಮೊದಲ ಸಲ ಆಸ್ಪತ್ರೆಯಲ್ಲಿದ್ದಾಗ ಬೇರೊಂದು ಮಾತ್ರೆಯಿಂದ ಕೈ ಬಿಗಿಯಾಯಿತೆಂದು ಶುರು ಮಾಡಿದ್ದರು.

ನನ್ನ ತೊಂದರೆ ಮರೆವು. ವರ್ಷವಿಡೀ ಎದುರಿಗೆ ಕೂತ ಮಕ್ಕಳ ಹೆಸರು ಬಾಯಿಗೆ ಬರುವುದಿಲ್ಲ. ಯಾವ ಸೆಕ್ಷನ್ನಿಗೆ ಎಲ್ಲಿಯವರೆಗೆ ಪಾಠ ಆಗಿದೆ ಎಂದು ಮಕ್ಕಳನ್ನೇ ಕೇಳುತ್ತೇನೆ. ಹೋದ ತಿಂಗಳು ಬೋರ್ಡಿನ ಮೇಲೆ ಲೆಕ್ಕ ಅರ್ಧ ಬರೆದು, ಮುಂದಿನ ಹೆಜ್ಜೆ ಹೊಳೆಯದೆ ಚಾಕ್‌ಪೀಸ್ ಹಿಡಿದು ನಿಂತುಬಿಟ್ಟೆ. ಇಸಿಟಿಗೆ ಮೂರು ವಾರ ಮುಂಚೆ ನನ್ನ ತಂಗಿಯ ಮದುವೆಯಾಯಿತು. ಫೋಟೋದಲ್ಲಿ ನಾನಿದ್ದೇನೆ, ಮನಸ್ಸಿನಲ್ಲಿ ಆ ದಿನವೇ ಇಲ್ಲ. ‘ಆ ಲಿಥಿಯಂ ನಿನ್ನ ತಲೆ ತಿನ್ನುತ್ತಿದೆ’ ಎನ್ನುತ್ತಾರೆ ಅತ್ತೆ. ಹದಿನೈದು ದಿನದಿಂದ ಯಾರಿಗೂ ಹೇಳದೆ ಲಿಥಿಯಂ ದಿನ ಬಿಟ್ಟು ದಿನ ನುಂಗುತ್ತಿದ್ದೇನೆ. ತಲೆ ತಿಳಿಯಾದ ಹಾಗಿದೆ, ಐದು ಗಂಟೆ ನಿದ್ದೆಯೂ ಸಾಕಾಗುತ್ತಿದೆ. ಈ ಮರೆವಿಗೆ ಕಾರಣ ಕಾಯಿಲೆಯೋ, ಮಾತ್ರೆಯೋ, ಕರೆಂಟ್ ಕೊಟ್ಟಿದ್ದೋ? ಮುಂದೆ ಡಿಮೆನ್ಷಿಯಾ (ನೆನಪು, ಬುದ್ಧಿ ಕ್ರಮೇಣ ಕುಂದುವ ಕಾಯಿಲೆ) ಆಗುತ್ತದೆಯೇ? ಲಿಥಿಯಂ ಬಿಟ್ಟರೆ ನನ್ನ ಹಳೆಯ ಬುದ್ಧಿ ವಾಪಸ್ ಬರುತ್ತದೆಯೇ?

ಉತ್ತರ: ಪ್ರಶ್ನೆಗಳಿಗಿಂತ ಮುಂಚೆ ಅವುಗಳ ಹಿಂದಿನ ಸಾಲಿಗೆ ಬರುತ್ತೇನೆ. ಲಿಥಿಯಂ ದಿನ ಬಿಟ್ಟು ದಿನ, ನಿದ್ದೆ ಐದು ಗಂಟೆ, ತಲೆ ತಿಳಿ. ಈ ಮೂರೂ ಒಟ್ಟಿಗೆ ಕಂಡರೆ ನನಗೆ ಗಾಬರಿಯಾಗುತ್ತದೆ. ಮಾತ್ರೆ ಕಡಿಮೆಯಾಗಿ ನಿಜಕ್ಕೂ ಮಂಕು ಸರಿದಿರಬಹುದು. ಆದರೆ ಎರಡು ಸಲ ಉನ್ಮಾದ ಕಂಡವರಿಗೆ, ಕಡಿಮೆ ನಿದ್ದೆ ಮಾಡಿಯೂ ದಣಿವಿಲ್ಲದೆ ಲವಲವಿಕೆ ಅನ್ನಿಸತೊಡಗಿದರೆ ಅದು ಮುಂದಿನ ಉನ್ಮಾದದ ಮೊದಲ ಮೆಟ್ಟಿಲೂ ಆಗಿರಬಹುದು. ಅನುಭವಿಸುವವರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದ್ದರಿಂದ ಇದನ್ನು ಓದಿದ ದಿನವೇ ನಿಮ್ಮ ಮನೋವೈದ್ಯರಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ. ತಪ್ಪಿಸಿದ ಡೋಸ್‌ಗಳನ್ನು ತುಂಬಿಸಲು ಎರಡೆರಡು ನುಂಗಬೇಡಿ. ಹೇಗೆ ಮತ್ತೆ ಶುರು ಮಾಡಬೇಕೆಂದು ಅವರೇ ಹೇಳಲಿ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ, ನಿಮ್ಮ ನಿದ್ದೆ ಎಷ್ಟಾಯಿತೆಂದು ಅವರೂ ಗಮನಿಸಲಿ.

ಇನ್ನು ನಿಮ್ಮ ಚಿಂತೆ. ಲೆಕ್ಕ ಹೇಳಿಕೊಡುವವರಿಗೆ ಬೋರ್ಡಿನ ಮುಂದೆ ಮುಂದಿನ ಹೆಜ್ಜೆ ಹೊಳೆಯದೆ ನಿಲ್ಲುವುದು ಎಂಥ ಸಂಕಟ ಎಂದು ನಾನು ಊಹಿಸಬಲ್ಲೆ. ನೀವು ಕೇಳುತ್ತಿರುವುದು ಬರೀ ಮರೆವಿನ ಬಗ್ಗೆ ಅಲ್ಲ, ‘ನಾನೇ ಸವೆದು ಹೋಗುತ್ತಿದ್ದೇನೆಯೇ’ ಎಂದು ಕೇಳುತ್ತಿದ್ದೀರಿ. ನಿಮ್ಮ ಮರೆವು ನಿಜವೆಂದು ನಾನು ನಂಬುತ್ತೇನೆ. ಇದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ಬಹಳ ಕಾಲ ನಾವು ವೈದ್ಯರೇ ಈ ದೂರನ್ನು ‘ಅದೇನಿಲ್ಲ ಬಿಡಿ, ಟೆನ್ಷನ್ ಅಷ್ಟೆ’ ಎಂದು ತಳ್ಳಿಹಾಕುತ್ತಿದ್ದೆವು. ಅದಕ್ಕೊಂದು ಹಿನ್ನೆಲೆಯೂ ಇದೆ. 1899ರಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಬೈಪೋಲಾರ್ ಕಾಯಿಲೆಯನ್ನು ಇಂದು ನಾವು ಸ್ಕಿಜೋಫ್ರೇನಿಯಾ ಎನ್ನುವುದರಿಂದ ಬೇರ್ಪಡಿಸಿದಾಗ, ಸ್ಕಿಜೋಫ್ರೇನಿಯಾ ಬುದ್ಧಿಯನ್ನು ಕುಂದಿಸುತ್ತದೆ, ಬೈಪೋಲಾರ್ ಬಂದು ಹೋಗುತ್ತದೆ, ನಡುವೆ ಮನಸ್ಸು ಮೊದಲಿನಂತಾಗುತ್ತದೆ ಎಂಬ ಚಿತ್ರ ಬೇರೂರಿತು. ಆ ಚಿತ್ರ ಪೂರ್ತಿ ಸರಿಯಲ್ಲ ಎಂದು ಕಳೆದ ಕೆಲವು ದಶಕಗಳಲ್ಲಿ ಚೆನ್ನಾಗಿ ಗೊತ್ತಾಗಿದೆ. ಮನಸ್ಥಿತಿ ಸಮವಾಗಿರುವಾಗಲೂ ಈ ಕಾಯಿಲೆಯಿರುವ ಅನೇಕರಲ್ಲಿ ಗಮನ, ಕೇಳಿದ್ದನ್ನು ನೆನಪಿಡುವುದು, ಕೆಲಸವನ್ನು ಯೋಜಿಸಿ ಮಾಡುವುದು, ಈ ಮೂರರಲ್ಲಿ ಸ್ವಲ್ಪ ಕೊರತೆ ಉಳಿಯುತ್ತದೆ. ಎಲ್ಲರಲ್ಲೂ ಅಲ್ಲ. ಕೆಲವರಲ್ಲಿ ಏನೂ ಇರುವುದಿಲ್ಲ, ಕೆಲವರಲ್ಲಿ ನೌಕರಿಗೆ ಅಡ್ಡಿಯಾಗುವಷ್ಟು ಇರುತ್ತದೆ.

ನಿಮ್ಮ ಮರೆವಿನಲ್ಲಿ ಎರಡು ಬಗೆಯಿವೆ, ಅವನ್ನು ಒಟ್ಟಿಗೆ ಕಟ್ಟಬೇಡಿ. ತಂಗಿಯ ಮದುವೆ ಒಂದು ಬಗೆ, ಅದಕ್ಕೆ ಆಮೇಲೆ ಬರುತ್ತೇನೆ. ಹೆಸರು, ಪಾಠ, ಅರ್ಧಕ್ಕೆ ನಿಂತ ಲೆಕ್ಕ ಇನ್ನೊಂದು ಬಗೆ. ನನ್ನ ಕೋಣೆಯಲ್ಲಿ ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಐದು ಪದ ಹೇಳಿ, ಮತ್ತೆ ಹೇಳಿಸಿ, ಹತ್ತು ನಿಮಿಷ ಬೇರೆ ಮಾತಾಡಿ, ಆಮೇಲೆ ಅವನ್ನು ಕೇಳುತ್ತೇನೆ. ಬೈಪೋಲಾರ್ ಇರುವ ಅನೇಕರು ಎರಡು ಪದ ಹೇಳಿ ನಿಲ್ಲುತ್ತಾರೆ. ‘ಒಂದು ಹೂವಿನ ಹೆಸರಿತ್ತಲ್ಲ?’ ಎಂದು ಸುಳಿವು ಕೊಟ್ಟ ತಕ್ಷಣ ‘ಹಾಂ, ಮಲ್ಲಿಗೆ’ ಎನ್ನುತ್ತಾರೆ. ಪದ ಒಳಗೆ ಇತ್ತು, ಹುಡುಕಿ ತೆಗೆಯುವುದು ನಿಧಾನವಾಗಿತ್ತು. ಇನ್ನು ಕೆಲವರಿಗೆ ಪದ ಹೇಳುವಾಗಲೇ ಗಮನ ಎತ್ತಲೋ ಹೋಗಿರುತ್ತದೆ, ಹಾಗಾಗಿ ಅದು ಒಳಗೆ ಹೋಗಿರುವುದೇ ಇಲ್ಲ. ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಸುಳಿವು ಕೊಟ್ಟರೂ ಪದ ಬರುವುದಿಲ್ಲ. ಮಕ್ಕಳ ಹೆಸರನ್ನು ಯಾರಾದರೂ ಹೇಳಿದ ಕೂಡಲೇ ‘ಅಯ್ಯೋ ಹೌದಲ್ಲ’ ಅನ್ನಿಸುತ್ತದೆಯೇ? ಹಾಗಿದ್ದರೆ ನಿಮ್ಮದು ಹುಡುಕುವ ತೊಂದರೆ.

ಇದಕ್ಕೆ ಕಾಯಿಲೆಯ ಪಾಲು ಎಷ್ಟು? ಉನ್ಮಾದದಲ್ಲಿ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಹಾಗಾಗಿ ಆಗ ನಡೆದದ್ದು ಸರಿಯಾಗಿ ದಾಖಲಾಗುವುದಿಲ್ಲ. ಖಿನ್ನತೆಯಲ್ಲಿ ಮಿದುಳು ನಿಧಾನವಾಗುತ್ತದೆ. ಎಷ್ಟೋ ಸಲ ವಯಸ್ಸಾದವರ ಖಿನ್ನತೆಯನ್ನು ಡಿಮೆನ್ಷಿಯಾ ಎಂದೇ ತಪ್ಪು ತಿಳಿಯುವಷ್ಟು. ಎಷ್ಟು ಹೆಚ್ಚು ಸಲ, ಅದರಲ್ಲೂ ಉನ್ಮಾದ, ಬಂದು ಹೋಗಿದೆಯೋ ಅಷ್ಟು ಹೆಚ್ಚು ಕೊರತೆ ಉಳಿದಿರುವುದು ಅಧ್ಯಯನಗಳಲ್ಲಿ ಕಾಣುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನೆನಪು ಉಳಿಸಿಕೊಳ್ಳಬೇಕೆಂದು ಮಾತ್ರೆ ಬಿಟ್ಟು, ಅದರಿಂದ ಇನ್ನೊಂದು ಉನ್ಮಾದ ಬಂದರೆ, ಯಾವುದನ್ನು ಉಳಿಸಹೊರಟಿದ್ದಿರೋ ಅದಕ್ಕೇ ಪೆಟ್ಟು ಬೀಳುತ್ತದೆ.

ಬಹಳ ಜನ ಗಮನಿಸದ ಇನ್ನೊಂದು ಸಂಗತಿಯಿದೆ. ‘ನನಗೆ ಮರೆವು ಜಾಸ್ತಿ’ ಎನ್ನುವವರನ್ನೆಲ್ಲ ಕೂರಿಸಿ ಪರೀಕ್ಷೆ ಮಾಡಿದರೆ, ಅವರ ದೂರಿಗೂ ಅಂಕಕ್ಕೂ ಅಷ್ಟೇನೂ ತಾಳೆಯಾಗುವುದಿಲ್ಲ. ದೂರು ಹೆಚ್ಚು ತಾಳೆಯಾಗುವುದು ತಳದಲ್ಲಿ ಉಳಿದುಕೊಂಡ ಸಣ್ಣ ಖಿನ್ನತೆಗೆ. ಅಳು ಇಲ್ಲ, ಮಲಗಿದಲ್ಲೇ ಇರುವುದಿಲ್ಲ, ಕೆಲಸಕ್ಕೂ ಹೋಗುತ್ತಾರೆ, ಆದರೆ ಯಾವುದರಲ್ಲೂ ರುಚಿಯಿಲ್ಲ, ಎಲ್ಲವೂ ತೂಕ. ‘ದೊಡ್ಡ ಏರುಪೇರಿಲ್ಲ’ ಎಂದು ಬರೆದಿದ್ದೀರಿ. ಸಣ್ಣದು ಇದೆಯೇ ಎಂದು ಕೇಳಿಕೊಳ್ಳಿ. ಇದ್ದರೆ ಅದಕ್ಕೆ ಚಿಕಿತ್ಸೆಯಿದೆ, ಅದು ಸರಿಹೋದಾಗ ಮರೆವೂ ಒಂದಿಷ್ಟು ಸರಿಯುತ್ತದೆ.

ಈಗ ಮಾತ್ರೆಗಳು. ನಿಮ್ಮ ಅತ್ತೆಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ ಎಂದೇ ನನಗೆ ಅನ್ನಿಸುತ್ತದೆ. ಆದರೆ ನಿಮ್ಮ ಚೀಟಿ ನೋಡಿದರೆ ನನ್ನ ಬೆರಳು ಮೊದಲು ಹೋಗುವುದು ಲಿಥಿಯಂ ಮೇಲಲ್ಲ, ಬೆಳಗಿನ ಆ ಪುಟ್ಟ ಟ್ರೈಹೆಕ್ಸಿಫೆನಿಡಿಲ್ ಮೇಲೆ. ಹೊಸ ನೆನಪು ಕೂರಲು ಮಿದುಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ಈ ಮಾತ್ರೆ ಅದರ ಕೆಲಸವನ್ನೇ ತಡೆಯುತ್ತದೆ. ಕೈಕಾಲು ಬಿಗಿಯುವುದನ್ನು ಅದು ಸಡಿಲಿಸುವುದೂ ಹೀಗೆಯೇ, ಮರೆವು, ಬಾಯಿ ಒಣಗುವುದು, ಮಲಬದ್ಧತೆ ತರುವುದೂ ಹೀಗೆಯೇ. ಬಿಗಿತ ತಂದ ಹಳೆಯ ಮಾತ್ರೆ ಯಾವತ್ತೋ ನಿಂತಿದೆ. ಈಗಿನ ಕ್ವೆಟಿಯಾಪಿನ್ ಅಂಥ ಬಿಗಿತ ತರುವುದು ಕಡಿಮೆ. ಆದರೂ ಆ ಹಳೆಯ ಮಾತ್ರೆಯ ಜೊತೆಗಾರ ಟ್ರೈಹೆಕ್ಸಿಫೆನಿಡಿಲ್ ಒಂಬತ್ತು ವರ್ಷದಿಂದ ಚೀಟಿಯಿಂದ ಚೀಟಿಗೆ ನಕಲಾಗುತ್ತ ಬಂದಿದೆ. ಹೀಗಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬರ ದಪ್ಪ ಫೈಲನ್ನು ಒಂದು ದಿನ ಕೆಳಗಿನ ಹಾಳೆಯಿಂದ ಮೇಲಕ್ಕೆ ತಿರುವಿ ಹಾಕಿದೆ. ಇದೇ ಮಾತ್ರೆಯ ಮುಂದೆ, ಮೊದಲ ಚೀಟಿಯಲ್ಲಿ ‘15 ದಿನ’ ಎಂದಿತ್ತು. ಎರಡನೆಯದರಿಂದ ಮುಂದೆ ಆ ‘15 ದಿನ’ ಕಾಣೆಯಾಗಿತ್ತು, ಮಾತ್ರೆ ಉಳಿದಿತ್ತು. ಏಳು ವರ್ಷ. ಅದರಲ್ಲಿ ಮೂರು ವರ್ಷ ಚೀಟಿ ಬರೆದವನು ನಾನೇ. ಎರಡು ತಿಂಗಳಲ್ಲಿ ನಿಧಾನವಾಗಿ ಇಳಿಸಿದ ಮೇಲೆ, ಪುಸ್ತಕದಲ್ಲಿ ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಎಂದು ಈಗ ನೆನಪಿರುತ್ತದೆ ಎಂದು ಅವರು ಬಂದು ಹೇಳಿದರು. ಎಲ್ಲರಿಗೂ ಇಷ್ಟು ಫಲ ಸಿಗುತ್ತದೆಂದು ಹೇಳಲಾರೆ. ಆದರೆ ನಿಮ್ಮ ಪಟ್ಟಿಯಲ್ಲಿ ಕಡಿಮೆ ಅಪಾಯದಲ್ಲಿ ಹೆಚ್ಚು ಲಾಭ ಸಿಗಬಹುದಾದದ್ದು ಇದೇ. ದಿಢೀರ್ ನಿಲ್ಲಿಸಬಾರದು. ಇಳಿಸುವಾಗ ಬಿಗಿತ ಮರಳಿದರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಎರಡನೆಯ ಅನುಮಾನ ಕ್ಲೋನಜೆಪಾಮ್ ಮೇಲೆ. ಇದರ ಬಳಗದ ಮಾತ್ರೆಗಳೆಲ್ಲ ಹೊಸದನ್ನು ದಾಖಲಿಸುವ ಶಕ್ತಿಯನ್ನು ಕುಗ್ಗಿಸುತ್ತವೆ. ಜೊತೆಗೆ ಇದು ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ ರಾತ್ರಿಯ ಮಾತ್ರೆಯ ಮಬ್ಬು ಮೊದಲ ಪೀರಿಯಡ್‌ವರೆಗೂ ಉಳಿಯಬಹುದು. ಆದರೆ ಇಲ್ಲಿ ಎಚ್ಚರ ಹೆಚ್ಚು ಬೇಕು. ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ. ವಾರಗಟ್ಟಲೆ ಸಮಯ ಕೊಟ್ಟು, ಚೂರುಚೂರೇ ಇಳಿಸಬೇಕಾದ ಮಾತ್ರೆ ಇದು. ಪರೀಕ್ಷೆ, ಪೇಪರ್ ತಿದ್ದುವ ದಿನಗಳಲ್ಲಿ ಕೈಹಾಕಬೇಡಿ. ಕ್ವೆಟಿಯಾಪಿನ್ ತರುವ ಮಂಪರೂ ಬೆಳಗಿನ ಗಮನಕ್ಕೆ ಅಡ್ಡಿಯೇ. ಅದನ್ನು ಒಂದೆರಡು ಗಂಟೆ ಮುಂಚೆ ತೆಗೆದುಕೊಂಡರೆ ಎಷ್ಟೋ ಜನರಿಗೆ ಬೆಳಿಗ್ಗೆ ಹಗುರಾಗುತ್ತದೆ, ವೈದ್ಯರನ್ನು ಕೇಳಿ ನೋಡಿ.

ಲಿಥಿಯಂ ನಿರ್ದೋಷಿ ಎಂದು ನಾನು ಹೇಳುವುದಿಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಇದನ್ನು ಉನ್ಮಾದಕ್ಕೆ ಕೊಟ್ಟು ನೋಡಿದಂದಿನಿಂದ 75 ವರ್ಷಕ್ಕೂ ಹೆಚ್ಚು ಬಳಕೆಯಾಗಿದೆ, ಹಾಗಾಗಿ ಇದರ ಗುಣವೂ ಗೊತ್ತು, ಅವಗುಣವೂ ಗೊತ್ತು. ಕೆಲವರಲ್ಲಿ ಯೋಚನೆಯ ವೇಗ ಸ್ವಲ್ಪ ತಗ್ಗುತ್ತದೆ, ಮಾತಿನಲ್ಲಿ ಕೇಳಿದ್ದು ಸ್ವಲ್ಪ ಕಡಿಮೆ ನಿಲ್ಲುತ್ತದೆ, ‘ಮೊದಲಿನ ಮಿಂಚಿಲ್ಲ’ ಅನ್ನಿಸುತ್ತದೆ. ಆದರೆ ಈ ಪರಿಣಾಮ ಸಾಮಾನ್ಯವಾಗಿ ಚಿಕ್ಕದು, ಮತ್ತು ಬಹುಪಾಲು ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಅವಲಂಬಿಸಿದೆ. ಲ್ಯಾಬ್ ವರದಿಯಲ್ಲಿ ಸರಿಯಾದ ಮಟ್ಟ 0.6ರಿಂದ 1.2 ಎಂದು ಅಚ್ಚಾಗಿರುವುದುಂಟು. ನಿಮ್ಮದು 1.0 ಬಂದರೆ ‘ನಾರ್ಮಲ್’ ಎಂದು ಫೈಲ್ ಮುಚ್ಚುತ್ತಾರೆ. ಮೇಲಿನ ಅಂಕಿ ಉನ್ಮಾದ ಉರಿಯುತ್ತಿರುವಾಗಿನದು. ಕಾಯಿಲೆ ಮರಳದಂತೆ ಕಾಯಲು ಅನೇಕರಿಗೆ 0.6ರಿಂದ 0.8 ಸಾಕಾಗುತ್ತದೆ. ನಿಮ್ಮ ಕೊನೆಯ ವರದಿಗಳನ್ನು ತೆಗೆದು ಈ ಅಂಕಿಯನ್ನು ನೋಡಿ.

ಲಿಥಿಯಂ ಬಳಸು ದಾರಿಯಲ್ಲೂ ನೆನಪು ಕೆಡಿಸುತ್ತದೆ, ಥೈರಾಯ್ಡ್ ಮೂಲಕ. ಇದನ್ನು ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಥೈರಾಯ್ಡ್ ನಿಧಾನವಾಗುವುದು ಸಾಮಾನ್ಯ. ಆಗ ಮರೆವು, ಜಡತೆ, ತೂಕ ಏರುವುದು, ಚಳಿ ತಡೆಯದಿರುವುದು ಎಲ್ಲ ಬರುತ್ತವೆ, ನೋಡಲು ಥೇಟ್ ಖಿನ್ನತೆ. ಲಿಥಿಯಂನಿಂದ ರಕ್ತದ ಕ್ಯಾಲ್ಸಿಯಂ ಏರಿದರೂ ಮಂಕು ಕವಿಯುತ್ತದೆ. ಥೈರಾಯ್ಡ್ ಮತ್ತು ಕಿಡ್ನಿ ಪರೀಕ್ಷೆ ಆರು ತಿಂಗಳಿಗೊಮ್ಮೆ, ಕ್ಯಾಲ್ಸಿಯಂ ವರ್ಷಕ್ಕೊಮ್ಮೆಯಾದರೂ ಆಗಬೇಕು. ವಿಟಮಿನ್ ಬಿ12 ಕೂಡ ನೋಡಿಸಿ. ಥೈರಾಯ್ಡ್ ಮಾತ್ರೆಯೊಂದರಿಂದಲೇ ‘ತಲೆ ವಾಪಸ್ ಬಂತು’ ಎಂದವರು ನನ್ನ ಬಳಿ ಕಡಿಮೆಯಿಲ್ಲ.

ಇನ್ನೊಂದು ಮಾತು, ಲಿಥಿಯಂ ತೆಗೆದುಕೊಳ್ಳುವ ಎಲ್ಲರಿಗೂ. ವಾಂತಿ, ಭೇದಿ, ನಡೆಯುವಾಗ ತೂರಾಟ, ನಾಲಿಗೆ ತೊದಲುವುದು, ಕೈ ಜೋರಾಗಿ ನಡುಗುವುದು, ದಿಕ್ಕುತೋಚದಂತಾಗುವುದು ಕಂಡರೆ ಅದನ್ನು ಮರೆವು ಎಂದುಕೊಂಡು ಮನೆಯಲ್ಲಿ ಕೂರಬೇಡಿ. ಲಿಥಿಯಂ ವಿಪರೀತ ಏರಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಬಿಸಿಲಿನಲ್ಲಿ ನೀರು ಕುಡಿಯದಿರುವುದು, ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಬಿಪಿಯ ಕೆಲವು ಮಾತ್ರೆಗಳು ಇದನ್ನು ಏರಿಸುತ್ತವೆ.

ಹಾಗಾದರೆ ಲಿಥಿಯಂ ಬದಲು ಬೇರೆ ಇಲ್ಲವೇ? ಇದೆ, ಪ್ರತಿಯೊಂದಕ್ಕೂ ಬೆಲೆ ತೆರಬೇಕು. ನೆನಪಿಗೆ ಅತಿ ಕಡಿಮೆ ತೊಂದರೆ ಕೊಡುವುದು ಲ್ಯಾಮೊಟ್ರಿಜಿನ್. ಆದರೆ ಅದು ಮುಖ್ಯವಾಗಿ ಖಿನ್ನತೆ ಮರುಕಳಿಸದಂತೆ ತಡೆಯುತ್ತದೆ, ಉನ್ಮಾದಕ್ಕೆ ಅದರ ತಡೆ ದುರ್ಬಲ. ಎರಡು ಸಲ ಉನ್ಮಾದದಿಂದ ಆಸ್ಪತ್ರೆ ಸೇರಿದ ನಿಮಗೆ ಅದೊಂದನ್ನೇ ನೆಚ್ಚಲು ನನಗೆ ಧೈರ್ಯ ಸಾಲದು. ಅಪರೂಪಕ್ಕೆ ಜೀವಕ್ಕೇ ಕುತ್ತಾಗುವ ಚರ್ಮದ ಗುಳ್ಳೆ ತರುವುದರಿಂದ ಡೋಸನ್ನು ವಾರಗಟ್ಟಲೆ ಹಿಡಿದು ಏರಿಸಬೇಕು. ವಾಲ್‌ಪ್ರೊಯೇಟ್ ಕೂಡ ಯೋಚನೆಯನ್ನು ನಿಧಾನ ಮಾಡುತ್ತದೆ, ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುತ್ತದೆ. ನಿಮ್ಮ ವಯಸ್ಸಿಗೆ ಅದು ಬೇಡ. ತೂಕ ಇಳಿಸಲೆಂದು ಯಾರಾದರೂ ಟೋಪಿರಮೇಟ್ ಸೂಚಿಸಿದರೆ ನೆನಪಿಡಿ: ಆಡಬೇಕಾದ ಪದ ನಾಲಿಗೆಯ ತುದಿಗೆ ಬಂದು ನಿಲ್ಲುವಂತೆ ಮಾಡುವುದರಲ್ಲಿ ಅದಕ್ಕೆ ಹೆಸರಿದೆ.

ಏನೂ ಬೇಡವೆಂದು ಲಿಥಿಯಂ ದಿಢೀರ್ ಬಿಟ್ಟರೆ, ನಂತರದ ಕೆಲವು ತಿಂಗಳಲ್ಲಿ ಕಾಯಿಲೆ ಮರಳುವ ಸಂಭವ ಬಹಳ ಹೆಚ್ಚು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ವಿಷಯದಲ್ಲಿ ಇದರಷ್ಟು ಪುರಾವೆ ಈ ಕಾಯಿಲೆಯ ಬೇರೆ ಮಾತ್ರೆಗಿಲ್ಲ. ನಾಲ್ಕು ವರ್ಷದ ಹಿಂದೆ ನೀವಿದ್ದ ಸ್ಥಿತಿಯನ್ನು ನೀವೇ ಬರೆದಿದ್ದೀರಿ. ನಿಮಗೆ ನನ್ನ ಸಲಹೆ: ಮೊದಲು ಟ್ರೈಹೆಕ್ಸಿಫೆನಿಡಿಲ್, ಅದಾಗಿ ಒಂದೆರಡು ತಿಂಗಳು ಕಾದು ಕ್ಲೋನಜೆಪಾಮ್, ಆಮೇಲೂ ಮಂಕು ಉಳಿದರೆ, ಮಟ್ಟ ಮೇಲಿದ್ದರೆ, ಲಿಥಿಯಂ ಅನ್ನು 0.6ರ ಸುತ್ತ ತರುವುದು. ಕೊನೆಯದರಲ್ಲಿ ಕಾಯಿಲೆ ಮರಳುವ ಅಪಾಯ ಸ್ವಲ್ಪ ಏರುತ್ತದೆ, ತಿಳಿದೇ ಮಾಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಡಿಮೆನ್ಷಿಯಾ ಬಗ್ಗೆ. ಬೈಪೋಲಾರ್ ಇರುವವರಿಗೆ ವಯಸ್ಸಾದ ಮೇಲೆ ಅದು ಬರುವ ಸಂಭವ ಉಳಿದವರಿಗಿಂತ ಹೆಚ್ಚೇ, ಮುಚ್ಚಿಡುವುದಿಲ್ಲ. ಆದರೆ ಹೆಚ್ಚಿನವರಿಗೆ ಬರುವುದಿಲ್ಲ. 36ನೇ ವಯಸ್ಸಿನ ನಿಮ್ಮ ಈ ಮರೆವು ಅದರ ಆರಂಭ ಎನ್ನಲು ನಿಮ್ಮ ಪತ್ರದಲ್ಲಿ ಏನೂ ಇಲ್ಲ. ಬಹಳ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ, ಈ ಕಾಯಿಲೆಯಿದ್ದು ಲಿಥಿಯಂ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿದೆ. ಲಿಥಿಯಂನಿಂದಲೇ ಹೀಗಾಯಿತು ಎಂದು ಅದು ಸಾಬೀತು ಮಾಡುವುದಿಲ್ಲ. ‘ಲಿಥಿಯಂ ಮಿದುಳು ತಿನ್ನುತ್ತದೆ’ ಎಂಬ ಮಾತಿಗಂತೂ ಅದು ವಿರುದ್ಧವಾಗಿದೆ.

ಈಗ ತಂಗಿಯ ಮದುವೆ. ಇಸಿಟಿಯಿಂದ ಎರಡು ರೀತಿಯ ಮರೆವು ಬರುತ್ತದೆ. ಕೊಡುತ್ತಿರುವ ದಿನಗಳಲ್ಲಿ ಹೊಸದು ಮನಸ್ಸಿನಲ್ಲಿ ಕೂರುವುದಿಲ್ಲ. ಇದು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ನಾಲ್ಕು ವರ್ಷದ ನಂತರ ಮಕ್ಕಳ ಹೆಸರು ಮರೆಯುವುದಕ್ಕೆ ಇಸಿಟಿಯನ್ನು ದೂರಲಾಗುವುದಿಲ್ಲ. ಇನ್ನೊಂದು, ಚಿಕಿತ್ಸೆಗೆ ಮುಂಚಿನ ವಾರ, ತಿಂಗಳುಗಳ ನೆನಪು ಅಳಿಸುವುದು. ಅದರಲ್ಲಿ ಒಂದಷ್ಟು ಮರಳುತ್ತದೆ, ಒಂದಷ್ಟು ಮರಳುವುದಿಲ್ಲ. ಆಗ ನಿಮ್ಮ ಖಿನ್ನತೆಯೂ ಏರುತ್ತಿತ್ತು, ಹಾಗಾಗಿ ಆ ದಿನ ಮೊದಲೇ ಮಸುಕಾಗಿ ದಾಖಲಾಗಿದ್ದಿರಬಹುದು. ನಾಲ್ಕು ವರ್ಷ ಬಾರದ್ದು ಇನ್ನು ಬರುವ ಸಾಧ್ಯತೆ ಕಡಿಮೆ ಎಂದು ಹೇಳಲು ನನಗೂ ಕಷ್ಟವಾಗುತ್ತದೆ. ಚಿಕಿತ್ಸೆಗೆ ಮೊದಲು ಇದನ್ನು ನಿಮಗೆ ಯಾರಾದರೂ ಕೂತು ಹೇಳಬೇಕಿತ್ತು. ಆ ಚಿಕಿತ್ಸೆ ಅಂದು ನಿಮ್ಮ ಜೀವ ಉಳಿಸಿರಬಹುದು, ಆದರೂ ಈ ನಷ್ಟ ನಷ್ಟವೇ. ತಂಗಿಯ ಜೊತೆ ಕೂತು ಫೋಟೋ ನೋಡುತ್ತ ಆ ದಿನವನ್ನು ಅವರ ಬಾಯಲ್ಲಿ ಕೇಳಿ. ಮುಂದೆಂದಾದರೂ ಮತ್ತೆ ಇಸಿಟಿ ಬೇಕಾದರೆ, ತಲೆಯ ಬಲಗಡೆ ಮಾತ್ರ, ಕರೆಂಟನ್ನು ಅತಿ ಕಿರು ಮಿಡಿತಗಳಲ್ಲಿ (ಅಲ್ಟ್ರಾಬ್ರೀಫ್ ಪಲ್ಸ್) ಕೊಡಲಾಗುತ್ತದೆಯೇ ಎಂದು ಕೇಳಿ. ನೆನಪಿಗೆ ಪೆಟ್ಟು ಕಡಿಮೆ, ಆದರೆ ಒಂದೆರಡು ಸಲ ಹೆಚ್ಚು ಕೊಡಬೇಕಾಗಬಹುದು.

ಈ ಮರೆವಿಗೆಂದೇ ಖಚಿತ ಫಲ ಕೊಡುವ ಮಾತ್ರೆ ಇನ್ನೂ ಬಂದಿಲ್ಲ. ಜ್ಞಾಪಕಶಕ್ತಿಯ ಟಾನಿಕ್‌ಗಳಿಗೆ ದುಡ್ಡು ಸುರಿಯಬೇಡಿ. ಸ್ಪೇನಿನ ಬಾರ್ಸಿಲೋನಾದ ತಂಡವೊಂದು ವಾರಕ್ಕೆ 90 ನಿಮಿಷದಂತೆ 21 ವಾರಗಳ ತರಬೇತಿಯೊಂದನ್ನು ರೂಪಿಸಿದೆ. ಅದರಿಂದ ಪರೀಕ್ಷೆಯ ಅಂಕ ಅಷ್ಟೇನೂ ಏರಲಿಲ್ಲ, ಆದರೆ ದಿನನಿತ್ಯದ ಕೆಲಸ, ನೌಕರಿ ಸುಧಾರಿಸಿತು. ಅದರ ತಿರುಳು ಸರಳ: ನೆನಪಿನ ಮೇಲಿನ ಹೊರೆಯನ್ನು ಹೊರಗೆ ಇಳಿಸುವುದು. ಪ್ರತಿ ಸೆಕ್ಷನ್ನಿಗೆ ಒಂದು ನೋಟ್‌ಬುಕ್, ಪೀರಿಯಡ್ ಮುಗಿಯುವ ಎರಡು ನಿಮಿಷ ಮೊದಲು ಅಂದಿನ ಕೊನೆಯ ಲೆಕ್ಕದ ಸಂಖ್ಯೆಯನ್ನು ಬರೆದಿಡುವುದು. ಮಕ್ಕಳು ಕೂರುವ ಜಾಗದ ನಕ್ಷೆಯಲ್ಲಿ ಅವರ ಹೆಸರು. ಬಿಡಿಸುವ ಲೆಕ್ಕದ ಹೆಜ್ಜೆಗಳು ಮೇಜಿನ ಮೇಲೆ. ಹೀಗೆ ಮಾಡುವ ಶಿಕ್ಷಕರನ್ನು ಯಾರೂ ಮರೆಗುಳಿ ಎನ್ನುವುದಿಲ್ಲ, ಅಚ್ಚುಕಟ್ಟು ಎನ್ನುತ್ತಾರೆ. ನಿದ್ದೆಗೆ ದಿನವೂ ಒಂದೇ ಹೊತ್ತು ಇಡಿ. ಜೋರು ಗೊರಕೆಯಿದ್ದರೆ, ತೂಕ ಏರಿದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದೆಯೇ ಎಂದೂ ತೋರಿಸಿ, ಅದೂ ಮರೆವು ತರುತ್ತದೆ.

ವೈದ್ಯರ ಬಳಿ ಹೋಗುವಾಗ ಹಳೆಯ ಫೈಲನ್ನೆಲ್ಲ ಒಯ್ಯಿರಿ, ಕೊನೆಯ ಚೀಟಿಯೊಂದನ್ನೇ ಅಲ್ಲ. ಈ ಹದಿನೈದು ದಿನದ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಬೈಸಿಕೊಳ್ಳುವ ಅಂಜಿಕೆಯಿಂದ ಮುಚ್ಚಿಟ್ಟರೆ ಆಗುವುದು ಇದು: ರಕ್ತ ಪರೀಕ್ಷೆಯಲ್ಲಿ ಲಿಥಿಯಂ ಕಡಿಮೆ ಬರುತ್ತದೆ, 900 ಸಾಲದು ಎಂದುಕೊಂಡು ಅವರು ಡೋಸ್ ಏರಿಸುತ್ತಾರೆ, ನೀವು ಭಯದಿಂದ ದಿನವೂ ಸರಿಯಾಗಿ ನುಂಗತೊಡಗುತ್ತೀರಿ, ಮಟ್ಟ ಬೇಕಾದ್ದಕ್ಕಿಂತ ಮೇಲೇರಿ ಮಂಕು ಇನ್ನೂ ಹೆಚ್ಚುತ್ತದೆ. ಅವರು ಹೇಳಿದ ಡೋಸನ್ನು ಒಂದು ವಾರ ತಪ್ಪದೆ ತೆಗೆದುಕೊಂಡು, ಕೊನೆಯ ಲಿಥಿಯಂ ಮಾತ್ರೆ ನುಂಗಿ ಸರಿಯಾಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಿ. ಬೆಳಿಗ್ಗೆಯೂ ಲಿಥಿಯಂ ಇದ್ದರೆ ಅಂದಿನದನ್ನು ರಕ್ತ ಕೊಟ್ಟ ಮೇಲೆಯೇ ನುಂಗಿ.